ತರುಣರ ಅರ್ಬುದ: ಲಜ್ಜೆಯೂ ವಿಲಂಬವೂ

ಕೆಲವು ವ್ಯಾಧಿಗಳ ಹೆಸರನ್ನು ಸಭ್ಯರ ಮುಂದೆ ಎತ್ತಬಾರದೆಂಬ ಸಂಪ್ರದಾಯವು ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮನೆಯ ಹಿರಿಯರ ಎದುರಿಗೆ ಆಡಲಾಗದ ಮಾತನ್ನು ಪತ್ರಿಕೆಯ ಸಂಪಾದಕೀಯದಲ್ಲಿ ಆಡುವುದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಮ್ಮ ಉತ್ತರವಿಷ್ಟೆ: ಮರ್ಯಾದೆಯು ಮನುಷ್ಯನ ಬಾಳಿಗಾಗಿ ಇರತಕ್ಕದ್ದು. ಅದರ ಹೆಸರಿನಲ್ಲಿ ಇಪ್ಪತ್ತು-ಇಪ್ಪತ್ತೈದು ವರುಷದ ಮಕ್ಕಳು ಮಸಣ ಸೇರುವುದಾದರೆ ಅಂಥ ಮೌನವನ್ನು ಮರ್ಯಾದೆಯೆಂದು ಕರೆಯಲು ನಾವು ಸಿದ್ಧರಿಲ್ಲ. ಆದುದರಿಂದ ಪುರುಷರ ವೃಷಣದಲ್ಲಿಯೂ, ಸ್ತ್ರೀಯರ ಅಂಡಾಶಯದಲ್ಲಿಯೂ, ಒಮ್ಮೊಮ್ಮೆ ಎದೆಗೂಡಿನ ನಡುವೆಯೂ ಬೀಜಕಣಗಳಿಂದ ಹುಟ್ಟುವ ಅರ್ಬುದಗಳ ವಿಷಯವಾಗಿ ಇಂದು ಬಿಚ್ಚುಮಾತಿನಲ್ಲಿ ಬರೆಯಲು ನಿಶ್ಚಯಿಸಿದ್ದೇವೆ.

ಕ್ಯಾನ್ಸರ್ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮ ಜನರು ಆಶೆಯನ್ನು ಬಿಡುತ್ತಾರೆ. ಅನೇಕ ಕ್ಯಾನ್ಸರುಗಳ ವಿಷಯದಲ್ಲಿ ಆ ಭೀತಿಗೆ ಕಾರಣವುಂಟು. ಆದರೆ ನಾವು ಹೇಳಹೊರಟಿರುವ ಅರ್ಬುದವು ಆ ನಿಯಮಕ್ಕೆ ದೊಡ್ಡ ಅಪವಾದವಾಗಿದೆ. ವೃಷಣದಲ್ಲಿಯೇ ನಿಂತಿರುವಾಗ ಗುರುತಿಸಲ್ಪಟ್ಟರೆ ನೂರಕ್ಕೆ ೯೫ಕ್ಕಿಂತ ಹೆಚ್ಚು ಜನರು ಗುಣಹೊಂದುತ್ತಾರೆ. ಶ್ವಾಸಕೋಶದವರೆಗೆ ಹಬ್ಬಿದ ಮೇಲೆಯೂ ಬಹುಮಂದಿ ಪೂರ್ಣವಾಗಿ ಗುಣಹೊಂದಬಲ್ಲರು. ಇಷ್ಟು ಗುಣಸಾಧ್ಯವಾದ ರೋಗವು ಹದಿನೈದರಿಂದ ನಲವತ್ತು ವರುಷದೊಳಗಿನವರನ್ನು, ಅಂದರೆ ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನವರನ್ನು, ವಿಶೇಷವಾಗಿ ಹಿಡಿಯುತ್ತದೆ. ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ಲಕ್ಷ ಪುರುಷರಲ್ಲಿ ವರುಷಕ್ಕೆ ಸುಮಾರು ೧೦ ಮಂದಿಗೆ ವೃಷಣದ ಕ್ಯಾನ್ಸರು ತಗಲಿದರೆ, ನಮ್ಮ ದೇಶದಲ್ಲಿ ಲಕ್ಷಕ್ಕೆ ಒಬ್ಬನಿಗಿಂತಲೂ ಕಡಮೆ. ಹೀಗೆ ನಮ್ಮಲ್ಲಿ ವಿರಳವಾದುದೇ ಒಂದು ಬಗೆಯ ದುರ್ದೈವವಾಗಿದೆ. ವಿರಳವಾದುದನ್ನು ಜನರು ಅರಿಯರು, ಎಷ್ಟೋ ವೈದ್ಯರೂ ಕೂಡಲೆ ಶಂಕಿಸರು.

ಈ ಅರ್ಬುದಗಳ ಮೂಲವನ್ನರಿತರೆ ಅವುಗಳ ವಿಚಿತ್ರ ನಡತೆಯು ತಾನಾಗಿಯೇ ತಿಳಿಯುತ್ತದೆ. ಮುಂದಿನ ಪೀಳಿಗೆಗೆ ಕಾರಣವಾಗಬೇಕಾದ ಬೀಜಕಣಗಳು ಗರ್ಭಸ್ಥ ಶಿಶುವಿನಲ್ಲಿ ಮೊದಲಿನಿಂದಲೂ ವೃಷಣದಲ್ಲಾಗಲಿ ಅಂಡಾಶಯದಲ್ಲಾಗಲಿ ಇರುವುದಿಲ್ಲ. ಅವು ಭ್ರೂಣಕ್ಕೆ ಹೊಂದಿಕೊಂಡಿರುವ ಚೀಲವೊಂದರ ಗೋಡೆಯಲ್ಲಿ ಮೊದಲು ತೋರಿ, ಶರೀರದ ನಡುಗೆರೆಯನ್ನು ಹಿಡಿದು ಸಂಚರಿಸಿ, ಮೂತ್ರಪಿಂಡದ ಸಮೀಪದಲ್ಲಿ ಸಿದ್ಧವಾಗುತ್ತಿರುವ ಜನನಗ್ರಂಥಿಯನ್ನು ಸೇರುತ್ತವೆ. ದಾರಿತಪ್ಪಿದ ಕಣಗಳು ಎದೆಗೂಡಿನ ನಡುವೆಯೋ, ಬೆನ್ನೆಲುಬಿನ ಮುಂದೆಯೋ, ಮೆದುಳಿನೊಳಗೋ ಉಳಿದುಬಿಡುವುದುಂಟು. ಆ ಸ್ಥಳಗಳಲ್ಲಿ ಈ ಜಾತಿಯ ಗಂಟು ಹುಟ್ಟುವುದಕ್ಕೆ ಇದೇ ಕಾರಣವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬೀಜಕಣಕ್ಕೆ ದೇಹದ ಯಾವ ಅಂಗವನ್ನಾದರೂ ನಿರ್ಮಿಸುವ ಶಕ್ತಿಯಿರುವುದರಿಂದ ಇಂಥ ಕೆಲವು ಗಂಟುಗಳೊಳಗೆ ಕೂದಲು, ಹಲ್ಲು, ಎಲುಬಿನ ಚೂರು ದೊರೆಯುತ್ತವೆ. ಇದನ್ನು ಕಂಡು ಮಾಟವೆಂದೂ ಪಿಶಾಚಿಯ ಚೇಷ್ಟೆಯೆಂದೂ ಬೆದರುವವರು ಇನ್ನೂ ಇದ್ದಾರೆ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಬೀಜಕಣದ ಸಹಜ ಶಕ್ತಿಯು ಅಕಾಲದಲ್ಲಿ, ಅಸ್ಥಾನದಲ್ಲಿ ವ್ಯಕ್ತವಾದುದಷ್ಟೆ.

ಐವತ್ತು ವರುಷಗಳ ಹಿಂದೆ ಈ ರೋಗವು ದೇಹದಲ್ಲಿ ಹಬ್ಬಿತೆಂದರೆ ನೂರರಲ್ಲಿ ಹತ್ತು ಜನರು ಉಳಿಯುವುದೂ ದುರ್ಲಭವಾಗಿತ್ತು. ಆ ಸ್ಥಿತಿಯು ಬದಲಾದ ಕಥೆಯು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಸ್ಮರಣೀಯವಾದುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೆರೋನೆ ಎಂಬ ಇಟಲಿಯ ರಸಾಯನಜ್ಞನು ಪ್ಲಾಟಿನಂ ಲೋಹದ ಒಂದು ಲವಣವನ್ನು ಸಿದ್ಧಪಡಿಸಿದ್ದನು. ನೂರು ವರುಷಕ್ಕೂ ಮೇಲ್ಪಟ್ಟು ಅದು ಔಷಧವಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಮಿಷಿಗನ್ ಪ್ರಾಂತದ ವಿಶ್ವವಿದ್ಯಾಲಯವೊಂದರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬವರು ಬ್ಯಾಕ್ಟೀರಿಯಾಗಳ ನಡುವೆ ಪ್ಲಾಟಿನಂ ಕಡ್ಡಿಗಳ ಮೂಲಕ ವಿದ್ಯುತ್ತನ್ನು ಹರಿಸಿ ನೋಡುತ್ತಿರುವಾಗ ಅವುಗಳ ವಿಭಜನೆಯೇ ನಿಂತುಹೋದುದನ್ನು ಕಂಡರು. ೧೯೬೫ರಲ್ಲಿ ಅದನ್ನು ಪ್ರಕಟಿಸಿದರು. ಕಾರಣವು ವಿದ್ಯುತ್ತಲ್ಲ, ಕಡ್ಡಿಯಿಂದ ಕರಗಿಬಂದ ಪ್ಲಾಟಿನಂ ಎಂದು ಮುಂದೆ ಸಿದ್ಧವಾಯಿತು. ಹೀಗೆ ಹುಟ್ಟಿದುದೇ ಸಿಸ್‌ಪ್ಲಾಟಿನ್. ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯ ಲಾರೆನ್ಸ್ ಐನ್‌ಹಾರ್ನ್, ಶಸ್ತ್ರವೈದ್ಯ ಜಾನ್ ಡೊನೊಹ್ಯೂ ಇವರಿಬ್ಬರು ಅದನ್ನು ಬೇರೆ ಎರಡು ಔಷಧಗಳೊಡನೆ ಕೂಡಿಸಿ, ವೃಷಣದ ಹಬ್ಬಿದ ಕ್ಯಾನ್ಸರಿಗೆ ೧೯೭೪ರಿಂದ ಪ್ರಯೋಗಿಸಿ, ೧೯೭೭ರಲ್ಲಿ ಫಲವನ್ನು ಪ್ರಕಟಿಸಿದರು. ಶೇಕಡಾ ೭೪ ಜನರಲ್ಲಿ ಔಷಧದಿಂದಲೇ ರೋಗವು ಕಾಣದಂತಾಯಿತು. ಉಳಿದವರಲ್ಲಿ ಕೆಲವರಿಗೆ ಮಿಕ್ಕ ಗಂಟನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಿದ ಮೇಲೆ ಒಟ್ಟು ಶೇಕಡಾ ೮೫ ಜನರು ರೋಗಮುಕ್ತರಾದರು. ೧೯೮೭ರಲ್ಲಿ ಆ ಮಿಶ್ರಣದ ಒಂದು ಔಷಧದ ಬದಲು ಎಟೊಪೊಸೈಡ್ ಸೇರಿಸಿದುದು ಗುಣದಲ್ಲಿ ಹೆಚ್ಚಿನದೆಂದೂ ಉಪದ್ರವದಲ್ಲಿ ಕಡಮೆಯದೆಂದೂ ತಿಳಿದುಬಂದಿತು. ಇಂದಿಗೂ ಜಗತ್ತಿನಲ್ಲೆಲ್ಲ ನಡೆಯುವ ಮುಖ್ಯ ಚಿಕಿತ್ಸೆಯು ಅದೇ ಆಗಿದೆ.

ನಮ್ಮ ದೇಶದ ಜನರು ಕಣ್ಣಾರೆ ಕಂಡ ನಿದರ್ಶನವೊಂದಿದೆ. ೨೦೧೧ರ ಕ್ರಿಕೆಟ್ ವಿಶ್ವಕಪ್ಪಿನ ಶ್ರೇಷ್ಠ ಆಟಗಾರರೆನಿಸಿದ ಯುವರಾಜ್ ಸಿಂಗ್ ಅವರಿಗೆ ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದುದು ಸೆಮಿನೋಮ ಎಂಬ ಇದೇ ಬೀಜಕಣದ ಅರ್ಬುದ. ೨೦೧೨ರ ಆರಂಭದಲ್ಲಿ ಅವರು ಅದೇ ಐನ್‌ಹಾರ್ನರ ಊರಾದ ಇಂಡಿಯಾನಾಪೊಲಿಸ್‌ಗೆ ಹೋಗಿ ಔಷಧೋಪಚಾರ ಪಡೆದು, ಅದೇ ವರುಷದ ಸೆಪ್ಟೆಂಬರಿನಲ್ಲಿ ಮರಳಿ ಭಾರತದ ಪರವಾಗಿ ಕಣಕ್ಕಿಳಿದರು. ಇದರಿಂದ ನಾವು ಕಲಿಯಬೇಕಾದುದು ಅಮೆರಿಕಕ್ಕೆ ಹೋಗಬೇಕೆಂಬ ಪಾಠವನ್ನಲ್ಲ. ಆ ಔಷಧಗಳನ್ನು ನಮ್ಮ ದೇಶದ ಕಾರ್ಖಾನೆಗಳೇ ಇಂದು ತಯಾರಿಸುತ್ತವೆ. ಅವು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿವೆ. ಕ್ಯಾನ್ಸರಿನ ಹೊಸ ಔಷಧಗಳ ಬೆಲೆಗೆ ಹೋಲಿಸಿದರೆ ಅಗ್ಗವೂ ಹೌದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಿಂದಲೂ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಿಂದಲೂ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಿರತವಾಗಿವೆ. ಔಷಧವೂ ಉಂಟು, ಬಲ್ಲವರೂ ಉಂಟು. ಹೀಗಿರಲು ನಮ್ಮ ತರುಣರು ಸಾಯುವುದೇಕೆ?

ಮೊದಲನೆಯ ಕಾರಣ ಲಜ್ಜೆ. ವೃಷಣದಲ್ಲಿ ನೋವಿಲ್ಲದ, ಗಟ್ಟಿಯಾದ ಗಂಟೊಂದು ಕೈಗೆ ಹತ್ತುತ್ತದೆ. ನೋವಿಲ್ಲದ ಕಾರಣ ತರುಣನು ಅದನ್ನು ಉಪೇಕ್ಷಿಸುತ್ತಾನೆ. ಭಾರವಾದಂತೆ ತೋರಿದರೂ ತಂದೆಗೆ ಹೇಳಲು ಸಂಕೋಚ, ಅಣ್ಣನಿಗೆ ಹೇಳಲು ನಾಚಿಕೆ. ಇದು ದುರಾಚಾರದ ಫಲವೆಂದು ಜನರು ತಿಳಿದಾರೆಂಬ ಭಯವು ಬೇರೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಈ ರೋಗಕ್ಕೂ ನಡತೆಗೂ ಯಾವ ಸಂಬಂಧವೂ ಇಲ್ಲ, ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಪೆಟ್ಟು ಬಿದ್ದುದರಿಂದ ಇದು ಬರುವುದೂ ಇಲ್ಲ. ಪೆಟ್ಟು ಬಿದ್ದಾಗ ಕೈ ಅತ್ತ ಹೋಗಿ, ಮೊದಲೇ ಇದ್ದ ಗಂಟು ಗೊತ್ತಾಗುತ್ತದೆ, ಅಷ್ಟೆ. ತಿಂಗಳುಗಳು ಉರುಳಿದ ಮೇಲೆ ಬೆನ್ನುನೋವು, ಕೆಮ್ಮು, ಕುತ್ತಿಗೆಯಲ್ಲಿ ಗಂಟು, ಕೆಲವೊಮ್ಮೆ ಸ್ತನಗಳ ಊತ ಇವುಗಳಿಂದ ಪೀಡಿತನಾಗಿ ಅವನು ವೈದ್ಯನ ಬಳಿಗೆ ಹೋಗುತ್ತಾನೆ. ಆಗಲೂ ಬೆನ್ನುನೋವನ್ನು ಹೇಳುವನೇ ಹೊರತು ಗಂಟನ್ನು ಹೇಳನು. ಕೇಳಬೇಕೆಂದು ವೈದ್ಯನಿಗೂ ತೋಚದು.

ಎರಡನೆಯ ಕಾರಣ ತಪ್ಪು ನಿದಾನ. ಅಂಡವೃದ್ಧಿಯು ನಮ್ಮ ನಾಡಿನಲ್ಲಿ ಸಾಮಾನ್ಯ ಬಾಧೆ. ಆನೆಕಾಲು ರೋಗವಿದ್ದ ಕರಾವಳಿಯಲ್ಲಿಯೂ ಕಲಬುರಗಿಯ ಸೀಮೆಯಲ್ಲಿಯೂ ಅದು ಮತ್ತಷ್ಟು ಪರಿಚಿತ. ಹೀಗಾಗಿ ಊತವೆಂದ ಕೂಡಲೆ ನೀರು ತುಂಬಿದೆಯೆಂದು ತಿಳಿಯುವುದು ಸುಲಭ. ಅರ್ಬುದದ ಸುತ್ತಲೂ ಸ್ವಲ್ಪ ನೀರು ಸೇರಿರುವುದುಂಟು. ಆ ನೀರು ಒಳಗಿನ ಗಂಟನ್ನು ಮರೆಮಾಡುತ್ತದೆ. ಇನ್ನು ಕೆಲವರಿಗೆ ಸೋಂಕಿನ ಬಾವೆಂದು ವಾರಗಟ್ಟಲೆ ಮಾತ್ರೆಗಳನ್ನು ಕೊಡುತ್ತಾರೆ. ಎದೆಯೊಳಗಿನ ಗಂಟಿನ ಪಾಡು ಇದಕ್ಕಿಂತಲೂ ಕಷ್ಟ. ಕ್ಷಯವು ಮನೆಮನೆಯ ಶತ್ರುವಾಗಿರುವ ಈ ದೇಶದಲ್ಲಿ ತರುಣನೊಬ್ಬನು ಕೆಮ್ಮುತ್ತ ಬಂದು, ಕ್ಷ-ಕಿರಣದ ಚಿತ್ರದಲ್ಲಿ ನೆರಳು ಕಂಡಿತೆಂದರೆ ಕಫದಲ್ಲಿ ರೋಗಾಣು ಸಿಕ್ಕದಿದ್ದರೂ ಕ್ಷಯದ ಔಷಧವನ್ನು ಆರಂಭಿಸುವ ಅಭ್ಯಾಸವಿದೆ. ಕ್ಷಯದ ಚಿಕಿತ್ಸೆಯು ಆರು ತಿಂಗಳದು. ಬೀಜಕಣದ ಅರ್ಬುದದ ಕೆಲವು ಜಾತಿಗಳು ಆರು ವಾರವೂ ಕಾಯುವುದಿಲ್ಲ.

ಸಂತೋಷದ ಸಂಗತಿಯೆಂದರೆ ಈ ರೋಗದ ನಿದಾನವು ದುಸ್ಸಾಧ್ಯವಲ್ಲ. ವೃಷಣದ ಗಂಟು ಒಳಗಿನದೋ ಹೊರಗಿನದೋ, ನೀರೋ ಘನವೋ ಎಂಬುದನ್ನು ಸ್ಕ್ಯಾನಿಂಗ್ ಕೆಲವೇ ನಿಮಿಷಗಳಲ್ಲಿ ನೋವಿಲ್ಲದೆ ತೋರಿಸುತ್ತದೆ. ಗರ್ಭಿಣಿಯರ ತಪಾಸಣೆಗೆಂದು ಜಿಲ್ಲೆ ತಾಲೂಕುಗಳಲ್ಲಿ ಇಟ್ಟಿರುವ ಯಂತ್ರಗಳಿಗೆ ತಕ್ಕ ಜೋಡಣೆಯಿದ್ದರೆ ಅವೇ ಇದಕ್ಕೂ ಸಾಕು. ಜೊತೆಗೆ ರಕ್ತದಲ್ಲಿ ಮೂರು ಗುರುತುಗಳನ್ನು ನೋಡಬೇಕು: ಆಲ್ಫಾ ಫೀಟೋಪ್ರೋಟೀನ್, ಬೀಟಾ ಎಚ್.ಸಿ.ಜಿ., ಎಲ್.ಡಿ.ಎಚ್. ಮೊದಲನೆಯದು ಗರ್ಭಸ್ಥ ಶಿಶುವಿನಲ್ಲಿ ವಿಪುಲವಾಗಿರುವಂಥದು. ಎರಡನೆಯದು ಗರ್ಭಿಣಿಯರ ಮೂತ್ರಪರೀಕ್ಷೆಯಲ್ಲಿ ನೋಡುವಂಥದು. ಇವೆರಡೂ ತರುಣನ ರಕ್ತದಲ್ಲಿ ಹೆಚ್ಚಾಗಿದ್ದರೆ ಬೀಜಕಣದ ಅರ್ಬುದವು ತನ್ನ ಹೆಸರನ್ನು ತಾನೇ ಬರೆದುಕೊಟ್ಟಂತೆ. ಈ ಗುರುತುಗಳ ಪ್ರಯೋಜನವು ಅಲ್ಲಿಗೆ ಮುಗಿಯುವುದಿಲ್ಲ. ಗಂಟನ್ನು ತೆಗೆದ ಮೇಲೆ ಮೊದಲನೆಯದು ಏಳು ದಿನಗಳೊಳಗೆ ಅರ್ಧಕ್ಕಿಳಿಯಬೇಕು; ಎರಡನೆಯದು ಮೂರು ದಿನಗಳೊಳಗೆ. ಹಾಗೆ ಇಳಿಯದಿದ್ದರೆ ರೋಗವು ದೇಹದಲ್ಲಿ ಇನ್ನೆಲ್ಲಿಯೋ ಅಡಗಿದೆಯೆಂದು ತಿಳಿಯತಕ್ಕದ್ದು. ಇಷ್ಟು ನಿಷ್ಠೆಯಿಂದ ಸಾಕ್ಷ್ಯ ಹೇಳುವ ರಕ್ತಪರೀಕ್ಷೆಯು ಇತರ ಕ್ಯಾನ್ಸರುಗಳಲ್ಲಿ ಅಪರೂಪ. ಆದರೂ ಗುರುತುಗಳು ಹೆಚ್ಚಿಲ್ಲವೆಂದು ನಿಶ್ಚಿಂತರಾಗಬಾರದು. ಸೆಮಿನೋಮಗಳಲ್ಲಿ ಬಹುಪಾಲು ಗುರುತನ್ನು ತೋರಿಸುವುದೇ ಇಲ್ಲ.

ಇನ್ನು ಶಸ್ತ್ರಕ್ರಿಯೆಯ ವಿಚಾರ. ಇಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಗಳ ಮತ್ತು ಖಾಸಗಿ ದವಾಖಾನೆಗಳ ಶಸ್ತ್ರವೈದ್ಯರ ಗಮನವನ್ನು ನಾವು ವಿಶೇಷವಾಗಿ ಸೆಳೆಯಬಯಸುತ್ತೇವೆ. ಶಂಕಿತ ವೃಷಣವನ್ನು ತೊಡೆಸಂದಿನ ಮೇಲ್ಭಾಗದಲ್ಲಿ ಕೊಯ್ದು, ರಕ್ತನಾಳಗಳ ಹುರಿಯನ್ನು ಮೇಲೆಯೇ ಕಟ್ಟಿ, ಇಡಿಯಾಗಿ ಹೊರತೆಗೆಯಬೇಕೆಂಬುದು ಸರ್ವಸಮ್ಮತವಾದ ನಿಯಮ. ವೃಷಣಚೀಲವನ್ನೇ ಸೀಳುವುದಾಗಲಿ, ಅದರ ಮೂಲಕ ಸೂಜಿ ಚುಚ್ಚಿ ತುಣುಕು ತೆಗೆಯುವುದಾಗಲಿ ಕೂಡದು. ಇದರ ಕಾರಣವು ಮೇಲೆ ಹೇಳಿದ ಹುಟ್ಟಿನ ಕಥೆಯಲ್ಲಿಯೇ ಇದೆ. ವೃಷಣವು ಮೂತ್ರಪಿಂಡದ ಬಳಿ ರೂಪುಗೊಂಡು ಕೆಳಗಿಳಿದ ಅಂಗವಾದುದರಿಂದ ಅದರ ದುಗ್ಧರಸವು ಹೊಟ್ಟೆಯ ಹಿಂಭಾಗದ, ಮಹಾಧಮನಿಯ ಪಕ್ಕದ ಗ್ರಂಥಿಗಳಿಗೆ ಹರಿಯುತ್ತದೆ. ಚೀಲದ ಚರ್ಮದ ರಸವಾದರೋ ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತದೆ. ಚೀಲವನ್ನು ಕೊಯ್ದ ವೈದ್ಯನು ರೋಗಕ್ಕೆ ಇಲ್ಲದ ಹೊಸ ದಾರಿಯೊಂದನ್ನು ತಾನೇ ತೆರೆದಂತಾಗುತ್ತದೆ. ಅಂಡವೃದ್ಧಿಯೆಂದು ಚೀಲವನ್ನು ತೆರೆದು ನೋಡಿ ಅರ್ಬುದವನ್ನು ಕಂಡು ಬೆಚ್ಚುವುದಕ್ಕಿಂತ, ಕೊಯ್ಯುವ ಮೊದಲೇ ಸ್ಕ್ಯಾನಿಂಗ್ ಮಾಡಿಸುವುದು ಎಷ್ಟೋ ಲೇಸು. ರೋಗವು ಆಗಲೇ ಹಬ್ಬಿ ಪ್ರಾಣಕ್ಕೆ ಸಂಚಕಾರವಿದ್ದು, ಗುರುತುಗಳು ಅತ್ಯಧಿಕವಾಗಿದ್ದರೆ ಶಸ್ತ್ರಕ್ರಿಯೆಗೂ ತುಣುಕಿನ ಪರೀಕ್ಷೆಗೂ ಕಾಯದೆ ಔಷಧವನ್ನು ಆರಂಭಿಸತಕ್ಕದ್ದೆಂಬುದೂ ತಜ್ಞರ ಮತವಾಗಿದೆ.

ಒಂದು ವೃಷಣವನ್ನು ತೆಗೆದರೆ ಪುರುಷತ್ವವೇ ಹೋಯಿತೆಂಬ ಭಾವನೆಯು ಎಷ್ಟೋ ಮನೆಗಳಲ್ಲಿ ಶಸ್ತ್ರಕ್ರಿಯೆಗೆ ಅಡ್ಡಿಯಾಗಿದೆ. ಮಗನ ಮದುವೆ ನಿಂತುಹೋಗುವುದೆಂದು ತಾಯಿತಂದೆಗಳು ನಾಟಿ ಔಷಧ, ಲೇಪ, ಹರಕೆಗಳಲ್ಲಿ ಕಾಲ ಕಳೆಯುತ್ತಾರೆ. ಉಳಿದ ಒಂದು ವೃಷಣವು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ದಾಂಪತ್ಯಕ್ಕೂ ಸಂತಾನಕ್ಕೂ ಅದು ಸಾಕಾಗುತ್ತದೆ. ಔಷಧೋಪಚಾರದಿಂದ ಬೀಜೋತ್ಪತ್ತಿಯು ಕೆಲಕಾಲ ಕುಂದುವುದುಂಟು, ಕೆಲವರಲ್ಲಿ ಮರಳಿ ಬಾರದಿರುವುದೂ ಉಂಟು. ಆದುದರಿಂದ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಶೈತ್ಯದಲ್ಲಿ ಕಾಯ್ದಿಡುವ ಅನುಕೂಲವನ್ನು ರೋಗಿಗೆ ತಿಳಿಸುವುದು ವೈದ್ಯನ ಕರ್ತವ್ಯವಾಗಿದೆ. ಇಪ್ಪತ್ತೆರಡು ವರುಷದ ಹುಡುಗನು ತಾನಾಗಿ ಅದನ್ನು ಕೇಳಲಾರನು, ವೈದ್ಯನೇ ಮಾತೆತ್ತಬೇಕು.

ಕನ್ಯೆಯರ ಪಾಡು ಇನ್ನೂ ಕರುಣಾಜನಕವಾದುದು. ಅಂಡಾಶಯದ ಬೀಜಕಣದ ಅರ್ಬುದವು ಹತ್ತರಿಂದ ಮೂವತ್ತು ವರುಷದೊಳಗಿನ ಹೆಣ್ಣುಮಕ್ಕಳಲ್ಲಿ ಕಾಣುವಂಥದು. ಹೊಟ್ಟೆಯು ಕೆಲವೇ ವಾರಗಳಲ್ಲಿ ದಪ್ಪಗಾಗುತ್ತದೆ; ನೋವು ಬರುತ್ತದೆ; ಮುಟ್ಟು ಏರುಪೇರಾಗುತ್ತದೆ. ಅರ್ಬುದವು ಎಚ್.ಸಿ.ಜಿ.ಯನ್ನು ಸ್ರವಿಸುವ ಜಾತಿಯದಾದರೆ ಮೂತ್ರಪರೀಕ್ಷೆಯು ಅವಳನ್ನು ಗರ್ಭಿಣಿಯೆಂದೇ ಹೇಳುತ್ತದೆ. ಅವಿವಾಹಿತೆಯೊಬ್ಬಳಿಗೆ ನಮ್ಮ ಊರುಗಳಲ್ಲಿ ಇದರಿಂದ ಒದಗುವ ಅವಮಾನವನ್ನು ನಾವು ವರ್ಣಿಸಬೇಕಾಗಿಲ್ಲ. ಪರೀಕ್ಷೆಯ ಕಾಗದವನ್ನು ನೋಡಿ ಮಗಳ ಮೇಲೆ ಕೈಮಾಡುವ ಮೊದಲು, ಅವಳ ಶೀಲದ ವಿಚಾರಣೆಗೆ ಕೂಡುವ ಮೊದಲು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರೆಂದು ಪ್ರತಿಯೊಬ್ಬ ವೈದ್ಯನೂ ದಾದಿಯೂ ಆ ಮನೆಯವರಿಗೆ ಹೇಳಬೇಕು. ಶಸ್ತ್ರಕ್ರಿಯೆಯಲ್ಲಿ ಸಹ ವಿವೇಕ ಬೇಕು. ವಯಸ್ಸಾದ ಸ್ತ್ರೀಯರ ಅಂಡಾಶಯದ ಕ್ಯಾನ್ಸರಿನಲ್ಲಿ ಎರಡೂ ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುವ ಪದ್ಧತಿಯಿದೆ. ಬೀಜಕಣದ ಅರ್ಬುದವಾದರೋ ಸಾಮಾನ್ಯವಾಗಿ ಒಂದೇ ಪಕ್ಕದ್ದು. ಔಷಧಕ್ಕೆ ಸುಲಭವಾಗಿ ಮಣಿಯುವಂಥದು. ರೋಗವು ಹಬ್ಬಿರುವಾಗಲೂ ಕೆಟ್ಟ ಅಂಡಾಶಯವೊಂದನ್ನು ತೆಗೆದು, ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸುವುದೇ ಇಂದಿನ ಶಾಸ್ತ್ರಮರ್ಯಾದೆ. ಆತುರದಿಂದ ಎಲ್ಲವನ್ನೂ ತೆಗೆದುಹಾಕಿ ಹದಿನೆಂಟು ವರುಷದ ಹುಡುಗಿಯನ್ನು ಬದುಕಿನುದ್ದಕ್ಕೂ ಬಂಜೆಯಾಗಿಸುವುದು ಚಿಕಿತ್ಸೆಯೆನಿಸಲಾರದು.

ಈ ರೋಗದಲ್ಲಿ ಶಸ್ತ್ರವೈದ್ಯನ ಕೆಲಸವು ಎರಡು ಬಾರಿ ಬರುತ್ತದೆಂಬುದನ್ನು ಅನೇಕರು ಅರಿಯರು. ಔಷಧವನ್ನು ಮೂರು ವಾರಕ್ಕೊಂದು ಸುತ್ತಿನಂತೆ, ಮೂರು ಅಥವಾ ನಾಲ್ಕು ಸುತ್ತು ಕೊಡುತ್ತಾರೆ. ಗುರುತುಗಳು ಸಹಜಸ್ಥಿತಿಗೆ ಬಂದ ಮೇಲೆಯೂ ಕೆಲವರ ಹೊಟ್ಟೆಯ ಹಿಂಭಾಗದಲ್ಲಿ ಅಥವಾ ಎದೆಯಲ್ಲಿ ಗಂಟು ಉಳಿದಿರುತ್ತದೆ. ಅದು ಬರಿಯ ಸತ್ತ ಮಾಂಸವಾಗಿರಬಹುದು; ಟೆರಟೋಮ ಎಂಬ ಜಾತಿಯದಾಗಿರಬಹುದು; ನೂರರಲ್ಲಿ ಹತ್ತು-ಹದಿನೈದು ಜನರಲ್ಲಿ ಜೀವಂತ ಕ್ಯಾನ್ಸರೇ ಆಗಿರಬಹುದು. ಟೆರಟೋಮವು ಔಷಧಕ್ಕೂ ಜಗ್ಗದು, ಕಿರಣಕ್ಕೂ ಜಗ್ಗದು. ಸುಮ್ಮನೆ ಬಿಟ್ಟರೆ ಬೆಳೆದು ಮಹಾಧಮನಿಯನ್ನೂ ಮೂತ್ರನಾಳವನ್ನೂ ಒತ್ತುತ್ತದೆ, ಒಮ್ಮೊಮ್ಮೆ ವಿಷಮರೂಪಕ್ಕೆ ತಿರುಗುತ್ತದೆ. ಈ ಮೂರರಲ್ಲಿ ಯಾವುದೆಂದು ಹೊರಗಿನಿಂದ ನಿಶ್ಚಯವಾಗಿ ಹೇಳುವ ಯಂತ್ರವು ಇನ್ನೂ ಹುಟ್ಟಿಲ್ಲ. ಆದುದರಿಂದ ಸೆಮಿನೋಮವಲ್ಲದ ಅರ್ಬುದಗಳಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಶೇಷವನ್ನು ತೆಗೆದುಹಾಕತಕ್ಕದ್ದೆಂದು ವಿಧಿಸಿದ್ದಾರೆ. ಅರ್ಬುದವನ್ನು ಶೇಷವುಳಿಯದಂತೆ ತೆಗೆಯಬೇಕು, ಉಳಿದರೆ ಅದು ಮರಳಿ ಬೆಳೆದು ಕೊಲ್ಲುತ್ತದೆಂಬ ಎಚ್ಚರಿಕೆಯನ್ನು ನಮ್ಮ ಸುಶ್ರುತಾಚಾರ್ಯರು ಸಾವಿರಾರು ವರುಷಗಳ ಹಿಂದೆಯೇ ಕೊಟ್ಟಿದ್ದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಆದರೆ ಈ ಎರಡನೆಯ ಶಸ್ತ್ರಕ್ರಿಯೆಯು ಎಲ್ಲರ ಕೈಯ ಕೆಲಸವಲ್ಲ. ಮಹಾಧಮನಿ ಮಹಾಸಿರೆಗಳಿಗೆ ಅಂಟಿಕೊಂಡ ಗಂಟನ್ನು ಗಂಟೆಗಟ್ಟಲೆ ಕುಳಿತು ಬಿಡಿಸಬೇಕಾಗುತ್ತದೆ; ಅಲ್ಲಿಯೇ ಹಾದುಹೋಗುವ ಸೂಕ್ಷ್ಮ ನರಗಳನ್ನು ಉಳಿಸದಿದ್ದರೆ ವೀರ್ಯಸ್ಖಲನದ ಶಕ್ತಿಯು ನಷ್ಟವಾಗುತ್ತದೆ. ಆ ನರಗಳನ್ನು ಗುರುತಿಸಿ ಕಾಯುವ ವಿಧಾನವನ್ನು ಮೇಲೆ ಹೇಳಿದ ಡೊನೊಹ್ಯೂ ಮೊದಲಾದವರು ರೂಢಿಗೆ ತಂದರು. ವರುಷಕ್ಕೊಮ್ಮೆ ಇಂಥ ರೋಗಿಯನ್ನು ಕಾಣುವ ವೈದ್ಯನು, ಅವನೆಷ್ಟೇ ಜಾಣನಾಗಿರಲಿ, ಇದರಲ್ಲಿ ಕೈಪಳಗಿಸಿಕೊಳ್ಳಲಾರನು. ಸ್ವೀಡನ್ ಮತ್ತು ನಾರ್ವೆ ದೇಶಗಳವರು ೧೯೮೧ರಲ್ಲಿಯೇ ಕೂಡಿ, ಈ ರೋಗಕ್ಕೆ ಎರಡೂ ರಾಜ್ಯಗಳಲ್ಲಿ ಒಂದೇ ಚಿಕಿತ್ಸಾಕ್ರಮವನ್ನು ಗೊತ್ತುಪಡಿಸಿ, ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಡುತ್ತ ಬಂದರು. ಇಂಗ್ಲೆಂಡಿನಲ್ಲಿ ೨೦೦೨ರಿಂದೀಚೆಗೆ ಇಂತಿಷ್ಟು ಲಕ್ಷ ಜನಸಂಖ್ಯೆಗೆ ಒಂದು ತಜ್ಞಮಂಡಲಿಯೆಂದು ಗೊತ್ತುಮಾಡಿ, ಕಷ್ಟದ ರೋಗಿಗಳನ್ನು ಅಲ್ಲಿಗೇ ಕಳುಹಿಸುವ ಏರ್ಪಾಡಾಗಿದೆ. ನಮಗಿಂತ ಹೆಚ್ಚು ರೋಗಿಗಳಿರುವ ದೇಶಗಳೇ ಹೀಗೆ ಕೂಡಿ ನಡೆಯುವಾಗ, ವಿರಳ ರೋಗಿಗಳ ನಾವು ಬಿಡಿಬಿಡಿಯಾಗಿ ನಡೆಯುವುದು ವಿವೇಕವೇ?

ಇಂಥ ವಿರಳ ರೋಗಕ್ಕಾಗಿ ಬಡ ರಾಜ್ಯವು ಹಣವನ್ನೇಕೆ ವೆಚ್ಚಮಾಡಬೇಕು, ಕ್ಷಯ, ಮಧುಮೇಹ, ಬಾಯಿಯ ಕ್ಯಾನ್ಸರು ಸಾಲವೇ ಎಂಬ ಆಕ್ಷೇಪವು ಬರಬಹುದು. ಆಕ್ಷೇಪವು ಯುಕ್ತವೆಂದು ತೋರಿದರೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ನಾವು ಬೇಡುತ್ತಿರುವುದು ಹೊಸ ಆಸ್ಪತ್ರೆಗಳನ್ನಲ್ಲ, ವಿದೇಶದಿಂದ ತರಿಸಬೇಕಾದ ಔಷಧವನ್ನೂ ಅಲ್ಲ. ಇರುವುದನ್ನು ಕ್ರಮದಿಂದ ಬಳಸುವ ಕಟ್ಟಳೆಯನ್ನು. ಈ ಚಿಕಿತ್ಸೆಯಿಂದ ಗುಣಹೊಂದುವವನು ಇಪ್ಪತ್ತೈದರ ಹರೆಯದವನು. ಅವನ ಮುಂದೆ ನಲವತ್ತು-ಐವತ್ತು ವರುಷಗಳ ಬಾಳೂ ದುಡಿಮೆಯೂ ಇವೆ. ಸಾವನ್ನು ಕೆಲವು ತಿಂಗಳು ಮುಂದೂಡುವುದಕ್ಕೆ ಲಕ್ಷಗಟ್ಟಲೆ ವೆಚ್ಚವಾಗುವ ಚಿಕಿತ್ಸೆಗಳು ಬಹಳ. ಇಡೀ ಆಯುಸ್ಸನ್ನು ಮರಳಿ ಕೊಡುವ ಚಿಕಿತ್ಸೆಯು ಇದರಂತೆ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ವಿಲಂಬದ ಬೆಲೆಯನ್ನೂ ನೋಡಬೇಕು. ಹಬ್ಬಿದ ರೋಗಿಗಳನ್ನು ೧೯೯೭ರಲ್ಲಿ ತಜ್ಞರು ಮೂರು ವರ್ಗಗಳಾಗಿ ವಿಂಗಡಿಸಿದರು. ಸೆಮಿನೋಮವಲ್ಲದ ಜಾತಿಗಳಲ್ಲಿ ಉತ್ತಮ ವರ್ಗದವರು ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು, ಮಧ್ಯಮದವರು ಸುಮಾರು ೮೦, ಕಡೆಯ ವರ್ಗದವರು ಸುಮಾರು ೪೮ ಮಂದಿ ಐದು ವರುಷ ಬದುಕಿದ್ದುದು ಆಗ ಕಂಡುಬಂದಿತು. ಆ ಮೇಲೆ ಫಲವು ಇನ್ನೂ ಸುಧಾರಿಸಿದೆ. ಒಬ್ಬನು ಯಾವ ವರ್ಗಕ್ಕೆ ಸೇರುವನೆಂಬುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಎದೆಯಲ್ಲಿಯೇ ಹುಟ್ಟಿದ ಕೆಲವು ಗಂಟುಗಳು ಮೊದಲಿನಿಂದಲೂ ಕಡೆಯ ವರ್ಗದವು. ಆದರೆ ವೃಷಣದಲ್ಲಿ ಹುಟ್ಟಿದ ರೋಗವನ್ನು ಯಕೃತ್ತು ಮೆದುಳುಗಳವರೆಗೆ ಹಬ್ಬಗೊಡುವ ಅಥವಾ ಗೊಡದಿರುವ ಅಧಿಕಾರವು ಬಹುಮಟ್ಟಿಗೆ ನಮ್ಮದೇ.

ಆದಕಾರಣ ರಾಜ್ಯ ಸರಕಾರದ ಆರೋಗ್ಯ ಇಲಾಖೆಯ ಮುಂದೆ ನಾವು ಕೆಲವು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ತರುಣನ ವೃಷಣದ ಯಾವುದೇ ಊತವು ಎರಡು ವಾರದ ಔಷಧದಿಂದ ಇಳಿಯದಿದ್ದರೆ, ಮತ್ತು ನೋವಿಲ್ಲದ ಗಟ್ಟಿ ಗಂಟಾದರೆ ಒಡನೆಯೇ, ಸ್ಕ್ಯಾನಿಂಗ್ ಮಾಡಿಸತಕ್ಕದ್ದೆಂದೂ, ಅಂಡವೃದ್ಧಿಯ ಶಸ್ತ್ರಕ್ರಿಯೆಗೆ ಮೊದಲು ಸ್ಕ್ಯಾನಿಂಗ್ ಆಗಲೇಬೇಕೆಂದೂ ಎಲ್ಲ ಆಸ್ಪತ್ರೆಗಳಿಗೆ ಸುತ್ತೋಲೆ ಹೋಗಬೇಕು. ಎರಡನೆಯದಾಗಿ, ಮೂರು ರಕ್ತಪರೀಕ್ಷೆಗಳೂ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ದೊರೆಯಬೇಕು. ದೊರೆಯದೆಡೆಯಲ್ಲಿ ರಕ್ತವನ್ನು ಕಳುಹಿಸಿ ಎರಡು-ಮೂರು ದಿನಗಳಲ್ಲಿ ಫಲವನ್ನು ತರಿಸುವ ವ್ಯವಸ್ಥೆಯಾಗಬೇಕು. ಮೂರನೆಯದಾಗಿ, ಉಳಿದ ಗಂಟಿನ ಶಸ್ತ್ರಕ್ರಿಯೆಗೆ ಬೆಂಗಳೂರಿನಲ್ಲಿ ಒಂದು, ಉತ್ತರ ಕರ್ನಾಟಕದಲ್ಲಿ ಒಂದು ಕೇಂದ್ರವನ್ನು ಹೆಸರಿಸಿ, ಬೀದರಿನಿಂದಲೋ ಚಾಮರಾಜನಗರದಿಂದಲೋ ಬರುವ ಬಡ ರೋಗಿಗೂ ಜೊತೆಗಾರನಿಗೂ ಪ್ರಯಾಣದ ಮತ್ತು ವಸತಿಯ ವೆಚ್ಚವನ್ನು ಕೊಡಬೇಕು. ನಾಲ್ಕನೆಯದಾಗಿ, ಔಷಧದ ಸುತ್ತುಗಳು ಗೊತ್ತಾದ ದಿನಕ್ಕೇ ನಡೆಯಬೇಕು. ಹಾಸಿಗೆಯಿಲ್ಲ, ಔಷಧ ಬಂದಿಲ್ಲ, ಮಂಜೂರಾತಿಯ ಕಾಗದ ಬಂದಿಲ್ಲವೆಂದು ವಾರಗಟ್ಟಲೆ ಮುಂದೂಡಿದರೆ ಗುಣಸಾಧ್ಯವಾದ ರೋಗವು ಅಸಾಧ್ಯವಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಮಂಜೂರಾತಿಯು ಈ ರೋಗಿಗಳಿಗೆ ಬಂದ ದಿನವೇ ಆಗುವಂತೆ ಕಟ್ಟಪ್ಪಣೆಯಾಗಲಿ. ವೀರ್ಯಸಂರಕ್ಷಣೆಯ ವೆಚ್ಚವನ್ನೂ ಸರಕಾರವೇ ಭರಿಸಲಿ.

ಐದನೆಯದು ಲೆಕ್ಕದ ಮಾತು. ಭಾರತದಲ್ಲಿ ಕ್ಯಾನ್ಸರ್ ದಾಖಲಾತಿಯ ಕಾರ್ಯವು ೧೯೮೨ರಿಂದ ಕ್ರಮವಾಗಿ ಆರಂಭವಾದಾಗ ಬೆಂಗಳೂರು ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತೆಂಬುದು ನಮಗೆ ಅಭಿಮಾನದ ವಿಷಯ. ಆ ಅಭಿಮಾನಕ್ಕೆ ತಕ್ಕಂತೆ, ಬೀಜಕಣದ ಅರ್ಬುದವಿರುವ ಪ್ರತಿಯೊಬ್ಬ ರೋಗಿಯು ಯಾವಾಗ ಗಂಟನ್ನು ಕಂಡನು, ಯಾವಾಗ ಶಸ್ತ್ರಕ್ರಿಯೆಯಾಯಿತು, ಯಾವ ಕಡೆಯಿಂದ ಕೊಯ್ದರು, ಐದು ವರುಷದ ಮೇಲೆ ಹೇಗಿದ್ದಾನೆ ಎಂಬುದನ್ನು ಬರೆದಿಟ್ಟು ವರುಷಕ್ಕೊಮ್ಮೆ ಪ್ರಕಟಿಸಲಿ. ಸಂಖ್ಯೆ ಚಿಕ್ಕದಾದುದರಿಂದ ಕೆಲಸವೂ ಚಿಕ್ಕದೇ. ಬರೆದಿಡದ ತಪ್ಪು ಮರುಕಳಿಸುತ್ತಲೇ ಇರುತ್ತದೆ.

ಸರಕಾರಕ್ಕೆ ಹೇಳಿದಷ್ಟೇ ಮಹಾಜನರಿಗೂ ಹೇಳುವುದಿದೆ. ಗಂಡುಮಗು ಹುಟ್ಟಿದಾಗ ಎರಡೂ ವೃಷಣಗಳು ಚೀಲಕ್ಕೆ ಇಳಿದಿವೆಯೇ ಎಂದು ನೋಡಿಸಿರಿ. ಇಳಿಯದೆ ಉಳಿದ ವೃಷಣದಲ್ಲಿ ಮುಂದೆ ಅರ್ಬುದ ಹುಟ್ಟುವ ಸಂಭವವು ಹೆಚ್ಚು. ಆರು ತಿಂಗಳ ವರೆಗೆ ಕಾದು, ತಾನಾಗಿ ಇಳಿಯದಿದ್ದರೆ ಒಂದು, ಹೆಚ್ಚೆಂದರೆ ಒಂದೂವರೆ ವರುಷದೊಳಗೆ ಸಣ್ಣದೊಂದು ಶಸ್ತ್ರಕ್ರಿಯೆಯಿಂದ ಅದನ್ನು ಕೆಳಗಿಳಿಸಬೇಕು. ದೊಡ್ಡವನಾದ ಮೇಲೆ ಸರಿಹೋಗುತ್ತದೆಂಬ ಅಜ್ಜಿಯರ ಮಾತನ್ನು ನಂಬಿ ಕೂಡಬಾರದು. ಕಾಲೇಜುಗಳಲ್ಲಿಯೂ ಪೋಲ್ಸು, ಸೈನ್ಯಗಳ ಭರತಿಯಲ್ಲಿಯೂ ದೇಹಪರೀಕ್ಷೆ ಮಾಡುವ ವೈದ್ಯರು ತರುಣರಿಗೆ ಈ ರೋಗದ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಲಿ. ತಂದೆಯು ಹರೆಯಕ್ಕೆ ಬಂದ ಮಗನಿಗೆ ಆಸ್ತಿಪಾಸ್ತಿಯ ಕಾಗದಪತ್ರಗಳನ್ನು ತೋರಿಸುವಂತೆ, ದೇಹದಲ್ಲಿ ಹೊಸದೇನಾದರೂ ಕಂಡರೆ ಮರೆಮಾಚದೆ ಹೇಳೆಂದು ತಿಳಿಸುವುದನ್ನೂ ತನ್ನ ಧರ್ಮವೆಂದೆಣಿಸಲಿ. ತಾಯಿಯು ಮಗಳ ಹೊಟ್ಟೆಯ ನೋವನ್ನು ಶಂಕೆಯ ಕಣ್ಣಿನಿಂದ ನೋಡದೆ ಮಮತೆಯ ಕಣ್ಣಿನಿಂದ ನೋಡಲಿ.

ಪ್ಲೇಗು, ಸಿಡುಬುಗಳ ಕಾಲದಲ್ಲಿ ನಮ್ಮ ಹಿರಿಯರು ಔಷಧವಿಲ್ಲದೆ ಮಕ್ಕಳನ್ನು ಕಳೆದುಕೊಂಡರು. ಅದು ವಿಧಿಯೆಂದು ಕಣ್ಣೊರಸಿಕೊಂಡರು. ಔಷಧವಿದ್ದೂ, ಶಸ್ತ್ರವಿದ್ದೂ, ಬಲ್ಲ ವೈದ್ಯರಿದ್ದೂ ಬರಿಯ ಸಂಕೋಚದಿಂದ, ಕಾಗದದ ವಿಲಂಬದಿಂದ ತರುಣನೊಬ್ಬನನ್ನು ಕಳೆದುಕೊಂಡರೆ ಅದಕ್ಕೆ ವಿಧಿಯನ್ನು ಹಳಿಯುವ ಹಕ್ಕು ನಮಗಿಲ್ಲ. ವರುಷಕ್ಕೆ ಇವರ ಸಂಖ್ಯೆಯು ಕೆಲವೇ ನೂರಿರಲಿ, ಕೆಲವೇ ಹತ್ತಿರಲಿ, ಪ್ರತಿಯೊಬ್ಬನೂ ಒಂದು ಮನೆಯ ಆಧಾರ. ಆರೋಗ್ಯ ಇಲಾಖೆಯ ಅಧಿಕಾರಿಗಳು ಈ ಸೂಚನೆಗಳನ್ನು ಕಡತಕ್ಕೆ ಸೇರಿಸಿ ಸುಮ್ಮನಾಗದೆ, ಬರುವ ಆಯವ್ಯಯದೊಳಗೆ ಕಾರ್ಯರೂಪಕ್ಕೆ ತರುವರೆಂದೂ, ನಮ್ಮ ವಾಚಕರು ಇಂದಿನ ಈ ಲೇಖನವನ್ನು ಮನೆಯ ತರುಣರಿಗೆ ಕೊಟ್ಟು ಓದಿಸುವರೆಂದೂ ನಾವು ಆಶಿಸುತ್ತೇವೆ.